ಒಂದಾಣೆಯ ಭಾಷಣಗಳು

ಹಳೇ ನಾಣ್ಯ ಕೂಡಿಡುವವರಿಗೆ ಜನ ಮರ್ಯಾದೆ ಕೊಡುತ್ತಾರೆ. ಅಂಚೆಚೀಟಿಯವರಿಗೂ ಪರವಾಗಿಲ್ಲ. ಸತ್ತುಹೋದ ಪುಢಾರಿಗಳ ಭಾಷಣ ಕೂಡಿಡುವವನಿಗೆ ಮಾತ್ರ ಧಾರವಾಡದಲ್ಲಿ ಒಂದೇ ಪ್ರಶ್ನೆ: "ಬದುಕಿದ್ದವರದ್ದು ಕೇಳಿ ಸಾಕಾಗಿಲ್ಲೇನ್ರಿ?"

ನಾನು ಹುಡುಕೋದು ಮುಂಬೈ ಇಲಾಖೆಯ ಕಾಲದಲ್ಲಿ ಆಣೆ, ಎರಡಾಣೆಗೆ ಮಾರಿದ ತೆಳ್ಳನೆ ಪುಸ್ತಿಕೆಗಳನ್ನು. 1920ರಲ್ಲಿ ಧಾರವಾಡದ ರಾಜಕೀಯ ಪರಿಷತ್ತು, 1924ರಲ್ಲಿ ಬೆಳಗಾವಿ ಕಾಂಗ್ರೆಸ್, ಜೊತೆಗೆ ಏಕೀಕರಣದ ಕೂಗು. ಮಾತಿಗೇನು ಬರವಿರಲಿಲ್ಲ. ಆದರೆ ಅಗ್ಗದ ಕಾಗದ, ತುಕ್ಕು ಹಿಡಿಯುವ ಪಿನ್ನು. ಕೆಲವನ್ನು ಸರ್ಕಾರ ಜಪ್ತಿ ಮಾಡಿತು, ಉಳಿದವನ್ನು ನಮ್ಮ ಅಜ್ಜಿಯರು ಒಲೆಗೆ ಹಾಕಿದರು. ದಪ್ಪ ಪುರಾಣ ಎಲ್ಲಿ ಬೇಕಾದರೂ ಸಿಗುತ್ತೆ, ಇವು ಸಿಗಲ್ಲ.

ಹುಬ್ಬಳ್ಳಿಯ ರದ್ದಿ ಅಂಗಡಿಯವರೊಬ್ಬರಿಗೆ ನನ್ನ ಹುಚ್ಚು ಗೊತ್ತು. ಒಂದು ದಿನ ಫೋನ್ ಬಂತು. "ಸರ, ಗಾಂಧಿ ಕಾಲದ್ದು ಬಂದೈತ್ರಿ. ರಕ್ತಾಕ್ಷಿ ಸಂವತ್ಸರ ಅಂತ ಬರದಾರ. ಲೆಕ್ಕ ಹಾಕೇನಿ, 1924!"

ಲೆಕ್ಕ ಸರಿಯೇ ಇತ್ತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು, ಅದು ನಡೆದದ್ದೂ ರಕ್ತಾಕ್ಷಿಯಲ್ಲೇ. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ, ಅಲ್ವಾ? ಅದಕ್ಕೇ ನಾವು ಮೊದಲು ನೋಡೋದು ಮುದ್ರಕರ ಸಾಲು. 1867ರ ಕಾಯ್ದೆ ಪ್ರಕಾರ ಅವರ ಹೆಸರು, ಊರು ಹಾಕಲೇಬೇಕಿತ್ತು. ಕೊನೇ ಪುಟದ ತಳದಲ್ಲಿ ಇರುವೆಗಾತ್ರದ ಅಕ್ಷರದಲ್ಲಿತ್ತು: ಹುಬ್ಬಳ್ಳಿ–580 020.

ಪಿನ್‌ಕೋಡ್ ಬಂದದ್ದು 1972ರಲ್ಲಿ. ಇದು 1984ರ ರಕ್ತಾಕ್ಷಿ, ಲೋಕಸಭಾ ಚುನಾವಣೆಯ ಸರಕು. ಬೆರಳಿಟ್ಟು ತೋರಿಸಿದೆ. ಪುಣ್ಯಾತ್ಮ ಕದಲಲಿಲ್ಲ. "ಗಾಂಧಿ ಕಾಲದ್ದು ಅಂದಿದ್ದೆ. ಯಾವ ಗಾಂಧಿ ಅಂತ ನೀವು ಕೇಳಲಿಲ್ರಿ." ಈ ಮಾತಿಗಾದರೂ ದುಡ್ಡು ಕೊಡಬೇಕು ಅನಿಸಿತು, ಕೊಟ್ಟೆ.

ಹೊರಗಿನವರಾದರೂ ವಾಸಿ. ದೀಪಾವಳಿಗೆ ಬಂದ ಅಕ್ಕನ ಮಗ ನನ್ನ ಮೇಲಿನ ಪ್ರೀತಿಗೆ ಒಂದು ಕರಪತ್ರ ಒಯ್ದು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದ. ನಾಲ್ಕು ಪುಟದ್ದು, ಮಡಚಿದ್ದು ಮಡಚಿದ ಹಾಗೇ. ಚರಕದ ಚಿತ್ರದ ಮೇಲೆ ಒಂದು ಗಾಳಿಗುಳ್ಳೆ ಬೇರೆ. "ಇನ್ನ ನೂರು ವರ್ಷ ಏನೂ ಆಗಂಗಿಲ್ಲ ಮಾಮಾ" ಎಂದ. ನಿಜ. ಒಳಗಿನ ಎರಡು ಪುಟ ಓದೋಕೂ ಆಗಂಗಿಲ್ಲ. ಇಷ್ಟು ಚೊಕ್ಕ ನಿಷೇಧ ಬ್ರಿಟಿಷರ ಕೈಲೂ ಆಗಿರಲಿಲ್ಲ.

ಆಮೇಲೆ ನಮ್ಮ ಓಣಿಯವರೊಬ್ಬರು ಪಾಲಿಕೆ ಚುನಾವಣೆಗೆ ನಿಂತರು. "ಹಳೇ ಕಾಲದ ಗಟ್ಟಿ ಭಾಷಣ ಒಂದು ಕೊಡ್ರಿ" ಅಂತ ಬಂದರು. ಮೂಲ ಪ್ರತಿ ಕೊಡುವಷ್ಟು ದಡ್ಡ ನಾನಲ್ಲ, ಝೆರಾಕ್ಸ್ ಕೊಟ್ಟೆ. 1930ರ ದಶಕದ ಕರನಿರಾಕರಣೆಯದು. ಅಂಕೋಲಾ, ಸಿದ್ದಾಪುರ, ಹಿರೇಕೆರೂರು ಕಡೆಯ ರೈತರು ಹೊಲ ಮನೆ ಜಪ್ತಿಯಾದರೂ ಕಂದಾಯ ಕೊಡದೆ ನಿಂತ ಕಾಲದ ಮಾತು. ಸ್ವಲ್ಪ ನೋಡಿಕೊಂಡು, ಬದಲಾಯಿಸಿ ಓದ್ರಿ ಅಂತ ಹೇಳಿಯೇ ಕಳಿಸಿದ್ದೆ.

ಅವರು ಒಂದಕ್ಷರ ಬಿಡದೆ ಓದಿದರು. ಈ ಸರ್ಕಾರಕ್ಕೆ ಕರ ಕೊಡಬೇಡಿ ಅನ್ನೋ ಸಾಲನ್ನಂತೂ ಎರಡು ಸಲ. ಓಣಿಯಲ್ಲಿ ಸಿಳ್ಳೆಯೋ ಸಿಳ್ಳೆ. ವೇದಿಕೆ ಮೇಲೆ ಕೂತಿದ್ದ ಆಳುವ ಪಕ್ಷದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಭ್ಯರ್ಥಿಯೂ ಆ ಪಕ್ಷದವರೇ.

ರಾತ್ರಿ ಬಾಗಿಲು ಬಡಿದರು. ಬೈಯೋಕೆ ಬಂದರು ಅಂದುಕೊಂಡೆ. ಮುಖ ಅರಳಿತ್ತು.

"ಏನ್ ಚಪ್ಪಾಳಿ ಬಿತ್ರೀ ಸರ! ಇಂಥಾದ್ದು ಇನ್ನೊಂದು ಐತೇನು? ಈ ಸಲ ನಳದ ಬಿಲ್ ಮ್ಯಾಲ ಇದ್ರ ಛಲೋ."