ಹೆನ್ ಡೊಮೆನ್‌ನಲ್ಲಿ ಮಣ್ಣೇ ಕೋಟೆ

ವೇಲ್ಸ್‌ನ ಮಾಂಟ್‌ಗೊಮರಿ ಹತ್ತಿರದ ಹೆನ್ ಡೊಮೆನ್ ನೋಡಿ ಬಂದವರಲ್ಲಿ ಅನೇಕರು 'ಅಲ್ಲೇನೂ ಉಳಿದಿಲ್ಲ, ಬರೀ ಮಣ್ಣುದಿಬ್ಬ' ಅನ್ನುತ್ತಾರೆ. ಇದನ್ನು ಒಪ್ಪಲು ನನ್ನಿಂದಾಗದು. 1071 ಮತ್ತು 1086ರ ನಡುವೆ ನಾರ್ಮನ್ ಸರದಾರ ರೋಜರ್ ಡಿ ಮಾಂಟ್‌ಗೊಮರಿ ಕಟ್ಟಿಸಿದಾಗಲೂ ಅದು ಮಣ್ಣು-ಮರದ ಕೋಟೆಯೇ. ಮರ ಕೊಳೆತುಹೋಯಿತು, ಮಣ್ಣು ನಿಂತಿದೆ.

ಸುತ್ತ ಅಗಳು ತೋಡಿ, ಆ ಮಣ್ಣನ್ನೇ ಒಳಗೆ ಪೇರಿಸಿದರೆ ದಿಬ್ಬ, ಅಂದರೆ ಮೊಟ್. ಅದರ ಮೇಲೆ ಮರದ ಗೋಪುರ. ಪಕ್ಕದಲ್ಲಿ ಮಣ್ಣಿನ ಏರಿ ಮತ್ತು ಅಗಳುಗಳಿಂದ ಸುತ್ತುವರಿದ ಅಂಗಳ, ಅಂದರೆ ಬೇಯ್ಲಿ. ಜನ, ಕುದುರೆ, ಅಡುಗೆಮನೆ ಎಲ್ಲ ಅಲ್ಲಿ. ಮಣ್ಣನ್ನು ಸುಮ್ಮನೆ ಸುರಿದರೆ ಮಳೆಗೆ ಜಾರುತ್ತದೆ. ಅದಕ್ಕೇ ಹಲವು ಕಡೆ ಜೇಡಿ, ಜಲ್ಲಿಗಳನ್ನು ಪದರ ಪದರವಾಗಿ ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದರು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕತೆ ಹೇಳುವ ಬೇಯೂ ಕಸೂತಿಪಟದಲ್ಲಿ ಅಲ್ಲಿನ ಹೇಸ್ಟಿಂಗ್ಸ್ ಊರಿನ ಕೋಟೆದಿಬ್ಬಕ್ಕೆ ಮಣ್ಣು ಹಾಕುವ ಚಿತ್ರವಿದೆ. ದಿಬ್ಬದ ಮೈಮೇಲೆ ಬಣ್ಣಬಣ್ಣದ ಪಟ್ಟೆಗಳು ಕಾಣುತ್ತವೆ.

ಇಂಥ ಜಾಗ ನೋಡಲು ಚಳಿಗಾಲದ ಬೆಳಿಗ್ಗೆಯೇ ಸರಿ. ಹುಲ್ಲು ಗಿಡ್ಡ, ಬಿಸಿಲು ಓರೆ. ಒಂದಡಿ ಏರುತಗ್ಗೂ ನೆರಳಾಗಿ ಎದ್ದು ಕಾಣುತ್ತದೆ. ಏರಿಯಲ್ಲಿ ಸಂದು ಕಂಡಕೂಡಲೇ ಹೆಬ್ಬಾಗಿಲು ಅಂದುಕೊಳ್ಳಬೇಡಿ, ಎದುರಿನ ಅಗಳಿಗಿಳಿದು ನೋಡಿ. ಹಳೆಯ ಬಾಗಿಲಾಗಿದ್ದರೆ ಅಲ್ಲಿ ಅಗಳನ್ನು ತೋಡದೆ ನೆಲವನ್ನು ದಾರಿಯಾಗಿ ಉಳಿಸಿರುವುದುಂಟು, ಅಥವಾ ಸೇತುವೆ ಇದ್ದಿರಬಹುದು. ರೈತರು ಗಾಡಿಗಾಗಿ ಈಚೆಗೆ ಒಡೆದದ್ದಾದರೆ ಏರಿಯ ಮಣ್ಣು ಅಗಳೊಳಗೇ ತಳ್ಳಲ್ಪಟ್ಟು ಅರ್ಧ ತುಂಬಿ, ಮೇಲೆ ಮೆದುವಾಗಿ ಕುಸಿದಿರುತ್ತದೆ.

ಪುರಾತತ್ವಜ್ಞ ಫಿಲಿಪ್ ಬಾರ್ಕರ್ ಹೆನ್ ಡೊಮೆನ್‌ನಲ್ಲಿ 1960ರಲ್ಲಿ ಶುರುಮಾಡಿದ ಉತ್ಖನನ ಮೂರು ದಶಕ ನಡೆಯಿತು. ಕಿರಿದಾದ ಗುಂಡಿಗಳ ಬದಲು ಅಗಲವಾಗಿ ಮೇಲ್ಮಣ್ಣು ತೆಗೆಯುತ್ತ ಹೋದದ್ದರಿಂದಲೇ ಬೇಯ್ಲಿಯ ಮನೆಗಳು ಕಂಡವು. ನೆಲದ ಮೇಲಿಟ್ಟ ತೊಲೆಯ ಗುರುತು ತೆಳುವಾದ ಮಣ್ಣಬಣ್ಣವಷ್ಟೇ, ಗುಂಡಿಯಲ್ಲಿ ಅದು ಕೈತಪ್ಪುತ್ತದೆ.

ಇಷ್ಟು ತೆಳುವಾದ ಪುರಾವೆಯನ್ನು ಹಾಳುಮಾಡಲು ಯಂತ್ರವೇನೂ ಬೇಡ. ಎಲ್ಲರೂ ದಿಬ್ಬವನ್ನು ನೇರ ಹತ್ತಿದರೆ ಹುಲ್ಲು ಸವೆದು, ಮಳೆನೀರು ಅದೇ ಗೀರಲ್ಲಿ ಹರಿದು ಕೊರಕಲಾಗುತ್ತದೆ. ಮೊಲದ ಬಿಲ ಒಳಗಿಂದ ಟೊಳ್ಳು ಮಾಡುತ್ತದೆ. ದೊಡ್ಡ ಮರ ಗಾಳಿಗೆ ಉರುಳಿದರೆ ಬೇರಿನ ಜತೆ ಪದರಗಳೇ ಕಿತ್ತು ಬರುತ್ತವೆ. ಅಪಾಯದ ಮರವನ್ನು ಬುಡಕ್ಕೆ ಕೊಯ್ದು ಬೊಡ್ಡೆಯನ್ನು ಅಲ್ಲೇ ಬಿಡಬೇಕು, ಎಳೆದು ಕೀಳಬಾರದು. ಕುರಿ ಮೇಯಿಸುವುದು ಒಳ್ಳೆಯದು, ಹುಲ್ಲು ಗಿಡ್ಡವಾಗಿ ದಟ್ಟವಾಗುತ್ತದೆ. ಆದರೆ ಮೇವಿನ ತೊಟ್ಟಿಯನ್ನು ಏರಿಯ ಮೇಲಿಟ್ಟರೆ ಒಂದೇ ಚಳಿಗಾಲದಲ್ಲಿ ಆ ಜಾಗ ಕೆಸರುಗುಂಡಿ.