ತಪ್ಪದ ಹಾಜರಿ

ಮೆಲ್ಬರ್ನ್‌ನ ಆಫೀಸುಗಳಲ್ಲಿ 'ಸಿಕ್ಕಿ' ಅಂತ ಒಂದು ಮಾತಿದೆ. ಮೈಗೆ ಏನೂ ಆಗಿರದಿದ್ದರೂ ಬೆಳಿಗ್ಗೆ ಫೋನ್ ಮಾಡಿ, ಗಂಟಲನ್ನು ಒಂಚೂರು ಒಡಕಲು ಮಾಡಿಕೊಂಡು, ಹುಷಾರಿಲ್ಲ ಅಂತ ಹೇಳಿ ಹಾಕುವ ರಜೆಗೆ ಆ ಹೆಸರು. ಮೊದಲ ಸಲ ಕೇಳಿದಾಗ ನಮ್ಮ 'ಸಿಕ್ಕಿಬೀಳು'ವಿಗೆ ಇದು ದಾಯಾದಿ ಇರಬೇಕು ಅಂದುಕೊಂಡಿದ್ದೆ. ತೀರಾ ತಪ್ಪೇನಿಲ್ಲ ಅಲ್ವಾ.

ಹಾಜರಿ ವಿಷಯದಲ್ಲಿ ನನ್ನ ಚರಿತ್ರೆ ಮೊದಲಿಂದಲೂ ಸುಮಾರೇ. ಕಾಲೇಜಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ನೋಟೀಸ್ ಬೋರ್ಡಿಗೆ ಬಂದರೆ ನನ್ನ ಹೆಸರನ್ನು ಹುಡುಕುವ ಕಷ್ಟ ಇರಲಿಲ್ಲ, ಮೇಲಿನ ನಾಲ್ಕರೊಳಗೇ ಇರುತ್ತಿತ್ತು. ಹಾಗಾಗಿ ಒಬ್ಬ ಮನುಷ್ಯ ಒಂದೂ ಬಿಡದೆ ಸತತ 244 ಮ್ಯಾಚ್ ಆಡಿದ್ದ ಅಂತ ಪಕ್ಕದ ಮನೆಯ ಅಜ್ಜ ಹೇಳಿದಾಗ ನನಗೆ ಹೆಮ್ಮೆಗಿಂತ ಜಾಸ್ತಿ ಗಾಬರಿಯಾಯಿತು.

ಅಜ್ಜನಿಗೂ ನನಗೂ ಮಾತು ಶುರುವಾಗಿದ್ದೇ ಈ ಆಟದಿಂದ, ಅಂದರೆ ಇಲ್ಲಿಯವರ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್‌ನಿಂದ. ನಮ್ಮಲ್ಲಿ 'ಊಟ ಆಯ್ತಾ' ಅನ್ನುವ ಹಾಗೆ ಇಲ್ಲಿ 'ನೀನು ಯಾವ ತಂಡ?' ಅಂತ ಕೇಳುತ್ತಾರೆ. ಯಾವುದೂ ಇಲ್ಲ ಅಂದೆ. ಮನೆದೇವರೇ ಇಲ್ಲ ಅಂದವನನ್ನು ನಮ್ಮ ಹಿರಿಯರು ನೋಡುವ ಹಾಗೆ ನೋಡಿದರು. ಈ ಒಂದೇ ಊರಿನಲ್ಲಿ ದೊಡ್ಡ ಲೀಗಿನ ತಂಡಗಳು ಒಂಬತ್ತು, ಅದರಲ್ಲಿ ಒಂದಕ್ಕೆ ಬರೀ ಮೆಲ್ಬರ್ನ್ ಅಂತಲೇ ಹೆಸರು. ಅಜ್ಜ ಅದರವರು. ಕೆಂಪು, ನೀಲಿ ಮಫ್ಲರ್ ಸುತ್ತಿಕೊಂಡು, ಸೋಲುವುದನ್ನು ಅಭ್ಯಾಸ ಮಾಡಿಕೊಂಡ ಮುಖದಲ್ಲಿ ಕೂತಿರುತ್ತಾರೆ. 1964ರಲ್ಲಿ ಕಪ್ ಗೆದ್ದ ಆ ತಂಡ ಮತ್ತೆ ಗೆದ್ದಿದ್ದು 2021ರಲ್ಲಿ. ನಡುವೆ 57 ವರ್ಷ. ಆರ್‌ಸಿಬಿಯವರು ಹದಿನೆಂಟಕ್ಕೇ ಅಷ್ಟು ಅತ್ತಿದ್ದರು.

ಆಟ ಹೀಗೆ: ದೊಡ್ಡ ಕ್ರಿಕೆಟ್ ಮೈದಾನ, ಒಂದು ಕಡೆಗೆ ಹದಿನೆಂಟು ಜನ, ಮೊಟ್ಟೆಯಾಕಾರದ ಚೆಂಡು. ನೆಲಕ್ಕೆ ಬಿದ್ದ ಮೇಲೆ ಅದು ಎತ್ತ ಹೋಗುತ್ತದೆ ಅನ್ನುವುದು ಚೆಂಡಿಗೂ ಗೊತ್ತಿರುವುದಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ ಕೊಡುತ್ತಾರೆ. ತಪ್ಪಿದ್ದಕ್ಕೂ ಒಂದು ಅಂಕ! ಲೆಕ್ಕಕ್ಕೆ ಸ್ಟೆಪ್ಸ್ ಬರೆದಿದ್ದೀಯಲ್ಲ ಇಟ್ಕೋ ಅಂತ ಗಣಿತದ ಮೇಷ್ಟ್ರು ಕೊಡುತ್ತಿದ್ದರಲ್ಲ, ಹಾಗೆ.

ಈ ಚೆಂಡನ್ನು ಹದಿನೆಂಟು ವರ್ಷದವರೆಗೆ ಆಡದೆ ಇದ್ದ ಒಬ್ಬ ಹುಡುಗ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ. ಜಿಮ್ ಸ್ಟೈನ್ಸ್ ಅಂತ, ಅಜ್ಜ ಹೇಳಿದ 244ರ ಮನುಷ್ಯ ಇವನೇ. ಅಲ್ಲಿಯವರದು ಗೇಲಿಕ್ ಫುಟ್ಬಾಲ್, ಚೆಂಡು ಗುಂಡಗೆ. ಅಲ್ಲಿನ ಹುಡುಗರಿಗೆ ಎತ್ತರ, ಓಟ ಎರಡೂ ಇದೆ, ತಂದು ಕಲಿಸಿದರೆ ಹೇಗೆ ಅಂತ ಮೆಲ್ಬರ್ನ್ ತಂಡದವರು ಯೋಚಿಸಿ ಐರ್ಲೆಂಡಿನಲ್ಲಿ ಜಾಹೀರಾತು ಕೊಟ್ಟರು, ಕಾಲೇಜು ಓದಿಗೂ ನೆರವು ಕೊಡುತ್ತೇವೆ ಅಂದರು. ಹುಡುಗ ಅರ್ಜಿ ಹಾಕಿದ, 1984ರಲ್ಲಿ ಬಂದಿಳಿದ. ಆರೂವರೆ ಅಡಿ ಎತ್ತರ. ಚೆಂಡು ಹೇಳಿದ ಮಾತು ಕೇಳುತ್ತಿರಲಿಲ್ಲ. ಮೊದಲು ಕಿರಿಯರ ತಂಡ, ಆಮೇಲೆ ಕೆಳಗಿನ ಲೀಗಿನ ಇನ್ನೊಂದು ತಂಡ, ಹೀಗೆ ಅಲೆದು 1987ರಲ್ಲಿ ಮೇಲಿನ ತಂಡಕ್ಕೆ ಬಂದ.

ಬಂದ ವರ್ಷವೇ ಆ ಘಟನೆ. ಸೆಮಿಫೈನಲ್ ಅನ್ನಬಹುದಾದಂಥ ಮ್ಯಾಚ್, ಗೆದ್ದರೆ 1964ರ ನಂತರ ಮೊದಲ ಫೈನಲ್. ಹಾಥಾರ್ನ್ ವಿರುದ್ಧ ನಾಲ್ಕು ಅಂಕ ಮುಂದಿದ್ದಾರೆ, ಕೊನೆಯ ಕ್ಷಣಗಳು. ಎದುರಾಳಿ ಗ್ಯಾರಿ ಬಕೆನಾರಾಗೆ ಫ್ರೀ ಕಿಕ್ ಸಿಗುತ್ತದೆ, ಆದರೆ ಕಂಬ ತುಂಬ ದೂರ. ಒದೆಯುವವನಿಗೂ ಅವನೆದುರು ಗುರುತಿನ ಮೇಲೆ ನಿಂತವನಿಗೂ ನಡುವೆ ಬೇರೆ ಯಾರೂ ಹಾಯಬಾರದು ಅನ್ನುವುದು ನಿಯಮ. ನಮ್ಮ ಡಬ್ಲಿನ್ ಹುಡುಗ ಯಾರನ್ನೋ ಹಿಡಿಯಲು ಸರಿಯಾಗಿ ಅಲ್ಲೇ ಅಡ್ಡ ಓಡಿದ. ಬೆಕ್ಕು ಅಡ್ಡ ಬಂದ ಹಾಗೆ. ದಂಡವಾಗಿ ಬಕೆನಾರಾಗೆ ಹದಿನೈದು ಮೀಟರ್ ಮುಂದೆ ಬರಲು ಬಿಟ್ಟರು, ಸೈರನ್ ಆದ ಮೇಲೆ ಅವನು ಒದ್ದ, ಆರು ಅಂಕ ಬಂತು. ಮೆಲ್ಬರ್ನ್ ಎರಡು ಅಂಕದಿಂದ ಸೋತಿತು. ಕೋಚ್ ಹುಡುಗನಿಗೆ ಬೈದಿದ್ದು ಕ್ಯಾಮೆರಾದಲ್ಲಿ ಹಾಗೇ ಉಳಿದಿದೆ.

ಆವತ್ತಿನ ಸ್ಕೋರ್ ತೆಗೆದು ನೋಡಿದೆ. ಮೆಲ್ಬರ್ನ್ 10 ಗೋಲು, 18 ಒಂದಂಕದವು. ಆ ಹದಿನೆಂಟರಲ್ಲಿ ಒಂದೇ ಒಂದು ನೆಟ್ಟಗೆ ಹೋಗಿದ್ದರೂ ಯಾರು ಎಲ್ಲಿ ಅಡ್ಡ ಓಡಿದರೂ ತಂಡ ಗೆಲ್ಲುತ್ತಿತ್ತು. ಅಜ್ಜನಿಗೆ ಇದನ್ನು ಹೇಳಿದೆ. ಆ ಹದಿನೆಂಟರಲ್ಲಿ ಒಂದೂ ಅವರ ನೆನಪಿನಲ್ಲಿಲ್ಲ, ಓಡಿದ್ದು ಮಾತ್ರ ನಿನ್ನೆ ನಡೆದ ಹಾಗಿದೆ. ಸೊಸೆ ಹಾಲು ಉಕ್ಕಿಸಿದ್ದನ್ನು ಮೂವತ್ತು ವರ್ಷ ನೆನಪಿಟ್ಟುಕೊಳ್ಳುವ ಅತ್ತೆಯರಿಗೆ ಇದು ಅರ್ಥವಾಗುತ್ತದೆ.

ಇಲ್ಲಿಂದ ಮುಂದೆ 'ಅವರು' ಅನ್ನುತ್ತೇನೆ, ಏಕವಚನ ಸಾಕು. ನಾನಾಗಿದ್ದರೆ ಮುಂದಿನ ವಿಮಾನ ಹಿಡಿದು ಡಬ್ಲಿನ್ ಸೇರಿ ಯಾವುದಾದರೂ ಅಂಗಡಿ ಇಟ್ಟುಕೊಂಡಿರುತ್ತಿದ್ದೆ. ಸ್ಟೈನ್ಸ್ ಮತ್ತೆ ಆಡಲು ಬಂದರು. ಮುಂದಿನ ವರ್ಷ ತಂಡ ಫೈನಲ್ ಮುಟ್ಟಿತು. ಅಲ್ಲಿ ಅದೇ ಹಾಥಾರ್ನ್ 96 ಅಂಕಗಳಿಂದ ಸೋಲಿಸಿತು. ಅದರ ಮುಂದಿನ ವಾರಕ್ಕೆ ಸೀಸನ್ನೇ ಇರಲಿಲ್ಲ ಅನ್ನುವುದಷ್ಟೇ ಸಮಾಧಾನ. ಆದರೂ ಮತ್ತೆ ಬಂದರು. 1987ರಲ್ಲಿ ಶುರುವಾದ ಈ ಬರುವಿಕೆ 1998ರಲ್ಲಿ ಕೈ ಮುರಿಯುವವರೆಗೂ ನಿಲ್ಲಲಿಲ್ಲ. ಅವರದು ರಕ್‌ಮನ್ ಕೆಲಸ ಬೇರೆ. ಆಗೆಲ್ಲ ಅಂಪೈರ್ ಚೆಂಡನ್ನು ನೆಲಕ್ಕೆ ಕುಟ್ಟಿ ಮೇಲೆ ಚಿಮ್ಮಿಸಿದಾಗ ಎರಡು ತಂಡದ ಅತಿ ಎತ್ತರದವರು ಎದುರುಬದುರಾಗಿ ಓಡಿಬಂದು ಹಾರುತ್ತಿದ್ದರು, ಒಬ್ಬನ ಮಂಡಿ ಇನ್ನೊಬ್ಬನ ಪಕ್ಕೆಗೆ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. ಇಂಥ ಕೆಲಸಕ್ಕೆ 244 ಸಲ ಒಂದೂ ತಪ್ಪಿಸದೆ ಹೋಗುವುದು ಅಂದರೆ! ನನಗೆ ಸೋಮವಾರ ಮೀಟಿಂಗ್ ಇದೆ ಅಂದರೆ ಭಾನುವಾರ ರಾತ್ರಿಯೇ ಮೂಗು ಸೋರುತ್ತದೆ.

1991ರಲ್ಲಿ ಅವರಿಗೆ ಬ್ರೌನ್‌ಲೋ ಪದಕ ಬಂತು. ಲೀಗ್ ಹಂತದ ಪ್ರತಿ ಮ್ಯಾಚ್ ಆದ ಮೇಲೆ ಅಂಪೈರ್‌ಗಳು ಮೂರು ಜನ ಆಟಗಾರರಿಗೆ 3, 2, 1 ಅಂತ ಮತ ಹಾಕುತ್ತಾರೆ. ವರ್ಷದ ಕೊನೆಗೆ ಎಣಿಸಿ ಜಾಸ್ತಿ ಬಂದವರಿಗೆ ಕೊಡುವ ಪದಕ ಇದು. ಬೇರೆ ದೇಶದಲ್ಲಿ ಹುಟ್ಟಿ ಬೆಳೆದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಗುಂಡು ಚೆಂಡಿನ ಹುಡುಗನಿಗೆ! ಕಪ್ ಮಾತ್ರ ಕೊನೆಗೂ ಸಿಗಲಿಲ್ಲ.

ಆಟ ಬಿಡುವ ಮೊದಲೇ, 1994ರಲ್ಲಿ, ಹದಿಹರೆಯದ ಮಕ್ಕಳಿಗಾಗಿ ಗೆಳೆಯರೊಬ್ಬರ ಜೊತೆ ರೀಚ್ ಅನ್ನುವ ಸಂಸ್ಥೆ ಕಟ್ಟಿದ್ದರು. 2008ರಲ್ಲಿ ಮೆಲ್ಬರ್ನ್ ತಂಡ ಸಾಲದಲ್ಲಿ ಮುಳುಗಿದಾಗ ಅಧ್ಯಕ್ಷರಾದರು. ಸುಮಾರು ಐವತ್ತು ಲಕ್ಷ ಡಾಲರ್ ಸಾಲ. ಮರುವರ್ಷ ಕ್ಯಾನ್ಸರ್ ಅಂತ ಗೊತ್ತಾಯಿತು. ನಿಜವಾದ ಕಾಯಿಲೆ, ಯಾರೂ ಪ್ರಶ್ನೆ ಮಾಡದ ರಜೆ. ಆದರೂ ಕುರ್ಚಿ ಬಿಡಲಿಲ್ಲ, 2010ರಲ್ಲಿ ಸಾಲ ತೀರಿತು. 2012ರ ಮಾರ್ಚ್‌ನಲ್ಲಿ ತೀರಿಕೊಂಡಾಗ ವಯಸ್ಸು 45. ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ಇದನ್ನು ಹೇಳುವಾಗ ಅಜ್ಜ ಮಫ್ಲರ್ ಬಿಚ್ಚಿ ಮಡಚಿ ಮತ್ತೆ ಸುತ್ತಿಕೊಂಡರು.

ಎಂಸಿಜಿ ಮೈದಾನದ ಹೊರಗೆ ಅವರ ಪ್ರತಿಮೆಯಿದೆ. ಕ್ರಿಕೆಟ್ ನೋಡಲು ಬರುವ ನಮ್ಮವರೆಲ್ಲ ಶೇನ್ ವಾರ್ನ್ ಪ್ರತಿಮೆಯ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಈ ಎತ್ತರದ ಮನುಷ್ಯನ ಮುಂದೆ ಸುಮ್ನೆ ಹಾದುಹೋಗುತ್ತಾರೆ. ಒಂದು ಸಲ ಭಾರತದ ಟೆಸ್ಟ್ ನಡೆಯುತ್ತಿದ್ದಾಗ ಗೆಳೆಯನ ಕೈಗೆ ಫೋನ್ ಕೊಟ್ಟು ನಾನು ಸ್ಟೈನ್ಸ್ ಕಾಲ ಬಳಿ ನಿಂತೆ. ಯಾರೋ ಇದು ಅಂದ. 244ರ ಕಥೆ ಶುರು ಮಾಡಿದೆ. ಅರ್ಧಕ್ಕೇ ತಡೆದು, ಅದಿರಲಿ, ನಿನಗೆ ಇವತ್ತು ಆಫೀಸ್ ಇರಲಿಲ್ವಾ ಅಂತ ಕೇಳಿದ.

ಆ ಫೋಟೊವನ್ನು ಇದುವರೆಗೆ ಎಲ್ಲೂ ಹಾಕಿಲ್ಲ.