ಓಬಣ್ಣ ಇನ್ನೂ ಬಂದಿಲ್ಲ

ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಸ್ಪೀಕರ್ ನನ್ನ ವಶ. ಮೊನ್ನೆ ಸುಮ್ನೆ 'ಮಾಸ್ ಕಿ ನಾದ' ಹಾಕಿದೆ. ಬ್ರೆಜಿಲ್‌ನ ಹಾಡು. ಒಂದಾದ ಮೇಲೊಂದು ನಾಲ್ಕು ಜನ ಹಾಡಿದ್ದು ಬಂತು. ಎಲ್ಲದರಲ್ಲೂ ಅದೇ 'ಓಆರಿಯಾ ರಾಯೋ, ಓಬ ಓಬ ಓಬ'. ಅಡುಗೆಮನೆಯಿಂದ ಅಮ್ಮ ಕೇಳಿದಳು, "ಯಾರೋ ಅದು, ಆಗಿಂದ ಓಬಣ್ಣನ್ನ ಕರೀತಿರೋದು? ಅವನು ಬರಲೇ ಇಲ್ವಾ?"

ಅಮ್ಮನನ್ನು ನೋಡಿ ನಗುವ ಹಕ್ಕು ನನಗಿಲ್ಲ. ಹೆಸರು ಕೇಳಿ ಮೊದಲು ನಾನೂ ಏಮಾರಿದ್ದೆ. ನಾದ ಅಂದರೆ ನಮ್ಮ ನಾದವೇ ಇರಬೇಕು, ಸಂಗೀತದ ಬಗ್ಗೆ ಏನೋ ದೊಡ್ಡ ಮಾತು ಹೇಳುತ್ತಿದ್ದಾರೆ ಅಂತ ತಲೆದೂಗಿದ್ದೆ. ಆಮೇಲೆ ನೋಡಿದರೆ ಪೋರ್ಚುಗೀಸಿನಲ್ಲಿ ನಾದ ಅಂದರೆ ಏನೂ ಇಲ್ಲ, ಸೊನ್ನೆ. ಮೂರೂ ಪದ ಸೇರಿದರೆ 'ಅಯ್ಯೋ ಹೋಗಯ್ಯ', 'ಬಿಡು ಮಾರಾಯ' ಅನ್ನುವಂಥ ಮಾತು. ಓಬ ಅಂದರೆ ಖುಷಿಯಾದಾಗ ತಾನಾಗಿ ಬಾಯಿಗೆ ಬರುವ 'ಆಹಾ'. ಇನ್ನು ಹಾಡಿನಲ್ಲಿ ಪ್ರೇಮವೂ ಇಲ್ಲ, ವಿರಹವೂ ಇಲ್ಲ. ದಾರಿ ಬಿಡಪ್ಪ, ನಾನು ಹೋಗಬೇಕು, ಅಲ್ಲಿ ಸಾಂಬಾ, ಅಂದರೆ ಅವರ ಹಾಡು-ಕುಣಿತ, ಜೋರಾಗಿ ನಡೀತಿದೆ, ನಾನೂ ಕುಣೀಬೇಕು, ಅಷ್ಟೇ.

ಇದನ್ನು ಬರೆದು ಹಾಡಿದವನು ರಿಯೊದ ಜೋರ್ಜಿ ಬೆನ್, 1963ರಲ್ಲಿ. ಆಗ ಅಲ್ಲಿ ಬೋಸಾ ನೋವಾದ ಕಾಲ, ಅಂದರೆ ಸಾಂಬಾವನ್ನೇ ಮೆತ್ತಗೆ ಮಾಡಿದ ಸಂಗೀತ. 1958ರಲ್ಲಿ ಜೊವಾಂವ್ ಜಿಲ್ಬೆರ್ಟೊ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಹಾಡಿ ಹೊಸ ದಾರಿ ತೋರಿಸಿದ್ದ. ಬೆನ್ ಬಂದಿದ್ದು ಆ ಮೆತ್ತನೆಯ ದಾರಿಗೇ, ಆದರೆ ಕಾಲಲ್ಲಿ ಗೆಜ್ಜೆ ಕಟ್ಟಿಕೊಂಡು ಬಂದ. ಗಿಟಾರನ್ನು ಮೀಟುವುದಕ್ಕಿಂತ ಬಾರಿಸುವುದೇ ಜಾಸ್ತಿ. ಈ ಸಾಂಬಾದಲ್ಲಿ ಮರಕಾತು ಬೆರೆತಿದೆ, ಇದು ಕರಿಯ ಅಜ್ಜಂದಿರ ಸಾಂಬಾ, ಅಂತಲೂ ಹಾಡಿನಲ್ಲೇ ಹೇಳುತ್ತಾನೆ. ಮರಕಾತು ಅಂದರೆ ಈಶಾನ್ಯ ಬ್ರೆಜಿಲ್‌ನ ರೆಸಿಫೆ ಕಡೆಯ ಡೋಲು ಮೆರವಣಿಗೆ. ಹಾಗಾಗಿ ಅವನು 'ದಾರಿ ಬಿಡು' ಅಂದಾಗ ನಿಜಕ್ಕೂ ಯಾರೋ ಅಡ್ಡ ನಿಂತಿದ್ದಾರೆ ಅನ್ನಿಸುತ್ತದೆ. ನನಗೆ ಇದೇ ಇಷ್ಟ.

ಜಗತ್ತಿಗೆ ಗೊತ್ತಿರುವುದು ಮಾತ್ರ ಇದಲ್ಲ. ಪಿಯಾನೋ ನುಡಿಸುವ ಸರ್ಜಿಯೋ ಮೆಂಡೆಸ್ 1964ರಲ್ಲಿ, ಬ್ರೆಜಿಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿದ ವರ್ಷ, ಅಮೆರಿಕಕ್ಕೆ ಹೋದ. ಎರಡು ವರ್ಷಕ್ಕೆ 'ಬ್ರೆಜಿಲ್ 66' ಅನ್ನುವ ತಂಡ ಕಟ್ಟಿ ಇದೇ ಹಾಡನ್ನು ಹೊರತಂದ. ಹಾಡಿದವಳು ಲಾನಿ ಹಾಲ್, ಶಿಕಾಗೋದ ಹುಡುಗಿ. ಪೋರ್ಚುಗೀಸ್ ಬರುತ್ತಿರಲಿಲ್ಲ, ಉಚ್ಚಾರಣೆಯನ್ನೇ ಬಾಯಿಪಾಠ ಮಾಡಿ ಹಾಡಿದಳು. ಅಂದರೆ ಅವಳಿಗೂ ನಮ್ಮಮ್ಮನಿಗೂ ಆ ಕ್ಷಣಕ್ಕೆ ಜಾಸ್ತಿ ವ್ಯತ್ಯಾಸವಿರಲಿಲ್ಲ, ಅಲ್ವಾ? ಆದರೂ ಎಷ್ಟು ಹಗುರ, ಎಷ್ಟು ಅಚ್ಚುಕಟ್ಟು! ಏನೇ ಆಗಲಿ, ಇಲ್ಲಿ ಯಾರೂ ಅಡ್ಡ ನಿಂತಿಲ್ಲ. ಜನ ಆಗಲೇ ಸರಿದು ಕಂಬಳಿ ಹಾಸಿಟ್ಟಿದ್ದಾರೆ, ಇವಳು ನಡೆದು ಹೋಗುತ್ತಾಳೆ.

ಹಾಡಿನ ಅರ್ಥವನ್ನು ಅಕ್ಷರಶಃ ಹಿಡಿದಿದ್ದು ಒಂದು ಜಾಹೀರಾತು ಅಂತ ನನ್ನ ವಾದ. 1998ರ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ನೈಕಿ ಮಾಡಿದ್ದು. ಬ್ರೆಜಿಲ್‌ನ ಆಟಗಾರರು ಏರ್‌ಪೋರ್ಟಿನಲ್ಲಿ ಬೇಜಾರಾಗಿ ಚೆಂಡು ತೆಗೆದು ಜನರ ಮಧ್ಯೆ, ಲಗೇಜಿನ ಮಧ್ಯೆ ಆಡುತ್ತಾ ಹೋಗುತ್ತಾರೆ. ಹಿಂದೆ ತಾಂಬಾ ಟ್ರಿಯೋ ಅನ್ನುವ ತಂಡ ನುಡಿಸಿದ ಇದೇ ಹಾಡು. ಕೊನೆಗೆ ರೊನಾಲ್ಡೊ ಹೊಡೆದ ಚೆಂಡು ಕಂಬಕ್ಕೆ ಬಡಿಯುತ್ತದೆ. ಆ ವರ್ಷ ಫೈನಲ್‌ನಲ್ಲಿ ಫ್ರಾನ್ಸ್ ಮಾತ್ರ ದಾರಿ ಬಿಡಲಿಲ್ಲ, 3-0.

2006ರಲ್ಲಿ ಮೆಂಡೆಸ್‌ನೇ ಅಮೆರಿಕದ ರ‍್ಯಾಪ್ ತಂಡ ಬ್ಲ್ಯಾಕ್ ಐಡ್ ಪೀಸ್ ಜೊತೆ ಸೇರಿ ಮತ್ತೆ ಮಾಡಿದ. ನನ್ನ ವಯಸ್ಸಿನವರು ಜಾಸ್ತಿ ಕೇಳಿದ್ದು ಇದನ್ನೇ, ರಿಂಗ್‌ಟೋನ್ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಈಗ ಕೇಳಿದರೆ ನಗು ಬರುತ್ತದೆ. ಹಾಡು ಓಡಲು ಶುರುಮಾಡುತ್ತದೆ, ಅಷ್ಟರಲ್ಲಿ ರ‍್ಯಾಪ್ ಬಂದು ನಿಲ್ಲುತ್ತದೆ. ದಾರಿ ಬಿಡು ಅನ್ನುವ ಹಾಡಿಗೇ ಅಡ್ಡ ನಿಂತ ಹಾಗೆ. ಮೆಂಡೆಸ್‌ಗೇ ತಕರಾರಿಲ್ಲದ ಮೇಲೆ ನನ್ನದೇನು, ಬಿಡಿ. 2024ರಲ್ಲಿ ಅವನು ತೀರಿಕೊಂಡಾಗ ಪತ್ರಿಕೆಗಳು ಮೊದಲು ನೆನೆದಿದ್ದು ಈ ಹಾಡನ್ನೇ.

ಇಷ್ಟೆಲ್ಲ ಅಮ್ಮನಿಗೆ ವಿವರಿಸೋಣ ಅಂತ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ಒಲೆ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು, ಬಾಯಲ್ಲಿ 'ಓಬ ಓಬ' ಸಣ್ಣಗೆ ನಡೆದಿತ್ತು. ಕೈಯಲ್ಲಿ ಬಿಸಿ ಬಾಣಲೆ ಹಿಡಿದು ತಿರುಗಿದವಳೇ ಅಂದಳು, "ಸರಿಯೋ ಆ ಕಡೆ, ದಾರಿ ಬಿಡು!"